ಪ್ರೆಸ್ಸಿನ ಹಣೆಯ ಮೇಲಿನ ಡ್ರ್ಯಾಗನ್

ಮೊನ್ನೆ ಮೊಮ್ಮಗಳು ಆಫೀಸಿನಿಂದ ಬರುತ್ತಾ ಒಂದು ಹಿತ್ತಾಳೆಯ ಡ್ರ್ಯಾಗನ್ ತಂದು ಟಿ.ವಿ. ಪಕ್ಕ ಕೂರಿಸಿದಳು. "ಅಜ್ಜಿ, ಪೂರ್ವಕ್ಕೆ ಮುಖ ಮಾಡಿ ಇಟ್ರೆ ಅದೃಷ್ಟ ಬರತ್ತೆ" ಅಂದಳು. ಬೆಂಗಳೂರಿನ ಹೂಡಿಯ ಈ ಮಹಡಿಯಲ್ಲಿ ನಮಗೆ ಪೂರ್ವಕ್ಕಿರುವುದು ಎದುರು ಟವರಿನವರ ಬಚ್ಚಲ ಕಿಟಕಿ. ಅದೃಷ್ಟ ಅಲ್ಲಿಂದಲೇ ಬರಬೇಕು.

ಆಮೇಲೆ ಫೋನ್ ನೋಡಿಕೊಂಡು ಪಾಠ ಶುರು ಮಾಡಿದಳು. ಚೀನಾದ ಕಡೆ ಡ್ರ್ಯಾಗನ್ ಅಂದರೆ ಮಳೆ ಕೊಡುವ ದೊಡ್ಡಮನುಷ್ಯ. ಯುರೋಪಿನ ಕಡೆ ಅದೇ ಪ್ರಾಣಿ ಬೆಂಕಿ ಉಗುಳುತ್ತಾ ಚಿನ್ನದ ಮೇಲೆ ಮಲಗುವ ಪಾಪಿ. ಯಾರಾದರೂ ವೀರ ಬಂದು ಕೊಲ್ಲಲೇಬೇಕು. ನಾನು ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು. ಆದರೂ ಈ ಪಾಠ ನನಗೆ ಏಳೆಂಟು ವರ್ಷಗಳ ಹಿಂದೆಯೇ ಆಗಿತ್ತು, ಪೀಣ್ಯದ ನಮ್ಮ ಶೆಡ್ಡಿನಲ್ಲಿ.

ಆಗ ನಮ್ಮ ಯಜಮಾನರು ತಗಡು ಒತ್ತುವ ಹಳೆಯ ಚೀನಾ ಪ್ರೆಸ್ ಒಂದನ್ನು ತಂದಿದ್ದರು. ಅದರ ಹಣೆಯ ಮೇಲೆ ಮೀಸೆ ಬಿಟ್ಟ ಡ್ರ್ಯಾಗನ್. "ಅವರ ದೇಶದಲ್ಲಿ ಇದು ದೇವ್ರು ಸಾರ್, ನಿಮಗೆ ಫ್ರೀ" ಅಂದನಂತೆ ಮಾರಿದವನು. ನೋಡಿ, ಕಬ್ಬಿಣ ಕೊಂಡರೆ ದೇವರು ಪುಕ್ಕಟೆ.

ಪೂಜೆಗೆ ಬಂದ ಪುರೋಹಿತರು ಕಕ್ಕಾಬಿಕ್ಕಿಯಾದರು. ನಾಗಪ್ಪ ಎನ್ನೋಣವೆಂದರೆ ಕಾಲಿವೆ, ಹುಲಿ ಎನ್ನೋಣವೆಂದರೆ ಮೈತುಂಬ ಹುರುಪೆ. ಎರಡಕ್ಕೂ ಸೇರಿಸಿ ಮಂತ್ರ ಹೇಳಿ, ಬೂದುಗುಂಬಳ ಒಡೆಸಿ ಹೊರಟರು.

ಪ್ರೆಸ್ ನಡೆಸಬೇಕಾದ ಅಂತೋಣಿ ಮಾತ್ರ ಹತ್ತಿರ ಬರಲಿಲ್ಲ. "ಅಮ್ಮಾ, ಅದು ಸೈತಾನ. ನಮ್ ಚರ್ಚಲ್ಲಿ ಪಟ ಐತೆ, ಕುದ್ರೆ ಮೇಲಿರೋ ಸಂತರು ಇದ್ರ ಬಾಯ್ಗೆ ಈಟಿ ಹಾಕವ್ರೆ. ನಾನು ಕೈ ಹಾಕ್ಲಾ?"

"ದೇವ್ರೋ ದೆವ್ವಾನೋ, ಸಾಯಂಕಾಲಕ್ಕೆ ಮಾಲು ಬೇಕು. ಆಗಲ್ಲ ಅಂದ್ರೆ ನಾಳೆಯಿಂದ ಬರ್ಬೇಡ" ಎಂದು ಯಜಮಾನರು ಉಳಿ ತಂದು ಡ್ರ್ಯಾಗನ್ನಿನ ಮೀಸೆ ಕೆತ್ತಿ ತೆಗೆಯಲು ನಿಂತರು. ಮೀಸೆ ಹೋದರೆ ಸೈತಾನ ಸಾಧುವಾಗುತ್ತದೆ ಎಂದುಕೊಂಡರೋ ಏನೋ.

ನಾನು ಟೀ ಕೊಟ್ಟೆ. ಅಂತೋಣಿ ಲೋಟ ಹಿಡಿದ ಎಡಗೈಯಲ್ಲಿ ಎರಡು ಬೆರಳಿರಲಿಲ್ಲ. ಹಿಂದೆ ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಪ್ರೆಸ್ ತಿಂದದ್ದು. ಅದರ ಹಣೆಯ ಮೇಲೆ ಯಾವ ಡ್ರ್ಯಾಗನ್ನೂ ಇರಲಿಲ್ಲವಂತೆ.

"ನಿಂಗೆ ಭಯ ಆ ಗೊಂಬೇದೋ, ಮಿಷಿನ್ದೋ?" ಎಂದು ಕೇಳಿದೆ.

ಅವನು ಲೋಟದೊಳಗೇ ನೋಡುತ್ತಾ ಹೇಳಿದ: "ಗೊಂಬೆ ಭಯ ಅಂದ್ರೆ ನಗ್ತಾರೆ ಅಷ್ಟೇ ಅಮ್ಮಾ. ಮಿಷಿನ್ ಅಂದ್ರೆ ಕೆಲ್ಸದಿಂದ ತೆಗೀತಾರೆ."

ಎದ್ದು ಹೋಗಿ ಪ್ರೆಸ್ ನೋಡಿದೆ. ಕೈ ಒಳಗೆ ಹೋಗದಂತೆ ಅಡ್ಡ ಇರಬೇಕಾದ ಜಾಲರಿಯನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಅದಿದ್ದರೆ ಕೆಲಸ ನಿಧಾನವಂತೆ. ಹಣೆಯ ಕುಂಕುಮಕ್ಕೆ ಮಾತ್ರ ಏನೂ ಕೊರತೆಯಿರಲಿಲ್ಲ.

"ರೀ, ಆ ಜಾಲರಿ ಹಾಕಿ."

"ಪ್ರೊಡಕ್ಷನ್ ಬಗ್ಗೆ ನಿಂಗೇನೇ ಗೊತ್ತು?"

"ಏನೂ ಗೊತ್ತಿಲ್ಲ. ನೀವೇ ಕೂತು ಒಂದು ಗಂಟೆ ಒತ್ತಿ ತೋರ್ಸಿ. ನಿಮ್ಮ ಬೆರಳು, ನಿಮ್ಮ ಪ್ರೊಡಕ್ಷನ್."

ಯಜಮಾನರು ಕೂರಲಿಲ್ಲ. ಉಳಿ ಕೆಳಗಿಟ್ಟು ಸ್ಪ್ಯಾನರ್ ಕೇಳಿದರು. ಜಾಲರಿ ಬಿಗಿದ ಮೇಲೆ ಅಂತೋಣಿ ಸೈತಾನನ ಬುಡದಲ್ಲಿ ಹೋಗಿ ಕೂತ. ಮಾಲು ಒಂದು ದಿನ ತಡವಾಯಿತು. ಯಜಮಾನರು ವಾರವಿಡೀ ಮುಖ ಊದಿಸಿಕೊಂಡಿದ್ದರು, ಅಷ್ಟೇ.

ಇಷ್ಟೆಲ್ಲ ನೆನಪಾಗುವಷ್ಟರಲ್ಲಿ ಮೊಮ್ಮಗಳ ಪಾಠ ಜಪಾನಿನ ಡ್ರ್ಯಾಗನ್ನಿಗೆ ಬಂದಿತ್ತು. ನಾನು ತಡೆದೆ.

"ಅದಿರ್ಲಿ ಕಣೇ. ಇದ್ದಕ್ಕಿದ್ದಂಗೆ ಅದೃಷ್ಟ ಯಾಕ್ ಬೇಕಾಯ್ತು? ಆಫೀಸಲ್ಲಿ ಏನಾಗೈತೆ?"

ಅವಳು ಫೋನ್ ಕೆಳಗಿಟ್ಟಳು.

"ನಮ್ ಟೀಮಲ್ಲಿ ಜನ ತೆಗೀತಿದಾರೆ, ಅಜ್ಜಿ."

"ಅಂಗನ್ನು ಮತ್ತೆ. ಚೀನಾ ತನಕ ಯಾಕ್ ಹೋದೆ? ಬಾ, ತಟ್ಟೆ ಹಾಕ್ತೀನಿ. ಉಣ್ತಾ ಹೇಳು."