ಒಡಪಿನೊಳಗಿನ ಹೆಸರು

ನಿಮ್ಮಜ್ಜ ತೀರಿಕೊಂಡ ಮರುವರ್ಷ, ಗಂಡನನ್ನು ಕಳೆದುಕೊಂಡ ಹೆಂಗಸರು ಹೇಗೆ ಬಾಳುತ್ತಾರೆ ಎಂದು ಕೇಳಿ ಬರೆಯಲು ದೂರದ ಕಾಲೇಜಿನಿಂದ ಒಬ್ಬ ಹುಡುಗಿ ನಮ್ಮೂರಿಗೆ ಬಂದಳು. ಹಡಗಲಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದಳು. ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವಳು. ನಾವು ಪಕ್ಕದ ಮನೆಯ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದೆವು. ಆಕೆ ಟೇಪ್ ರೆಕಾರ್ಡರನ್ನು ಮೊಗ್ಗಿನ ಪುಟ್ಟಿಗಳ ನಡುವೆ ಇಟ್ಟು, ತಾನೂ ಒಂದು ಎಳೆ ದಾರ ಹಿಡಿದು ಕೂರುವಳು. ಆಕೆ ಕಟ್ಟಿದ್ದು ಎತ್ತಿದರೆ ಉದುರುತ್ತಿತ್ತು.

"ಮಾತು ಕಟ್ಟಾಕ ಬಂದಾಕಿಗೆ ಹೂ ಕಟ್ಟಾಕ ಬರವಲ್ದು ನೋಡ್ರವ್ವಾ," ಎಂದು ಪಕ್ಕದ ಮನೆಯಾಕೆ ಎಲ್ಲರನ್ನೂ ನಗಿಸುವಳು.

ನಾನು ತಲೆ ತಗ್ಗಿಸಿಯೇ ಇರುತ್ತಿದ್ದೆ. ನಾಲ್ಕು ಜನರೆದುರು ನನಗೆ ಮಾತು ಬಾರದು. ಅದಕ್ಕೇ ಒಂದು ಮಧ್ಯಾಹ್ನ ಆಕೆ ನಮ್ಮ ಮನೆಗೇ ಬಂದಳು. ಪಕ್ಕದ ಮನೆಯಾಕೆಯೂ ಜೊತೆಗೆ ಬಂದು ಕೂತಳು. ಟೇಪ್ ಒತ್ತಿ ಹುಡುಗಿ ಮೊದಲು ಕೇಳಿದ್ದು, "ಅಮ್ಮಾ, ನಿಮ್ಮ ಯಜಮಾನರ ಹೆಸರೇನು?"

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ. ಮದುವೆಯಲ್ಲಿ, ಬಸುರಿಯ ಕುಬುಸದಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಕಾಡಿದಾಗ ಮಾತ್ರ ಎರಡು ಸಾಲಿನ ಒಡಪು ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳುವುದು. ಗಂಡ ಸತ್ತವಳನ್ನು ಯಾರೂ ಒಡಪು ಕೇಳುವುದಿಲ್ಲ. ಹುಡುಗಿಗೆ ಇದು ತಿಳಿದಿರಲಿಲ್ಲ.

"ಆಕಿ ಹೆಂಗ ಹೇಳ್ತಾಳವ್ವಾ? ತಡಿ, ನಾ ಹೇಳ್ತೀನಿ," ಎಂದಳು ಪಕ್ಕದ ಮನೆಯಾಕೆ.

"ಬ್ಯಾಡಕ್ಕ, ನಾನ ಹೇಳ್ತೀನಿ," ಎಂದೆ. "ಮಾರು ಮಲ್ಲಿಗಿ ಹಡಗಲಿ ಸಂತಿಗೆ..." ಎಂದು ಮದುವೆಯಲ್ಲಿ ಹೇಳಿದ್ದ ಒಡಪನ್ನೇ ಹೇಳಿದೆ. ಎರಡನೆಯ ಸಾಲಿನಲ್ಲಿ ನಿಮ್ಮಜ್ಜನ ಹೆಸರು ಬಂತು. ಅದು ಬಂದ ಮೇಲೆ ಉಳಿದದ್ದನ್ನೂ ತಡೆಯಲಾಗಲಿಲ್ಲ. ಎದೆನೋವೆಂದ ಅವರನ್ನು ಹೂವಿನ ಟೆಂಪೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟದ್ದು, ಅವರ ತಲೆ ನನ್ನ ತೊಡೆಯ ಮೇಲಿದ್ದದ್ದು, ಹಡಗಲಿ ಮುಟ್ಟುವವರೆಗೂ "ಏನ್ರೀ, ಏನ್ರೀ" ಎಂದೇ ಕರೆದದ್ದು, ಆಗಲೂ ಹೆಸರು ನಾಲಿಗೆಗೆ ಬಾರದೆ ಹೋದದ್ದು, ಎಲ್ಲ ಹೇಳಿದೆ.

ಹುಡುಗಿ ಅತ್ತಳು. "ಪ್ರಶ್ನೆ ಕೇಳೋರು ಅಳಬಾರದು ಅಂತಾರೆ ನಮ್ಮ ಮೇಡಂ," ಎಂದು ದುಪಟ್ಟಾದಿಂದ ಕಣ್ಣೊರೆಸಿಕೊಂಡಳು.

"ನಿಮ್ಮ ಮೇಡಮ್ಮರ ಗಂಡ ಗಟ್ಟಿ ಅದಾನ ಬಿಡವ್ವಾ," ಎಂದ ಪಕ್ಕದ ಮನೆಯಾಕೆಯೂ ಮೂಗೊರೆಸಿಕೊಳ್ಳುತ್ತಿದ್ದಳು.

ಹೊರಡುವಾಗ ಹುಡುಗಿ ನನಗೆ ಧೈರ್ಯ ಹೇಳಿದಳು. "ಹೆದರಬೇಡಿ ಅಮ್ಮಾ, ಹೆಸರು ಎಲ್ಲೂ ಬರಲ್ಲ. ಬರೆದುಕೊಳ್ಳುವಾಗ ತೆಗೆದು ಬೇರೆ ಹೆಸರು ಹಾಕ್ತೀವಿ. ಆಮೇಲೆ ಟೇಪೂ ಅಳಿಸ್ತೀವಿ."

"ತಗೀಬ್ಯಾಡ್ರಿ," ಎಂದೆ. "ಅದೊಂದು ಇರ್ಲಿ."

ಆಕೆಯ ಮುಖ ಬಾಡಿತು. ಎಲ್ಲರಿಗೂ ಹಾಗೇ ಮಾತು ಕೊಟ್ಟಿದ್ದೇನೆ, ಒಂದು ಹೆಸರು ಬಂದರೆ ಊರೂ ತಿಳಿಯುತ್ತದೆ ಎಂದಳು. ಅದು ಸರಿಯೇ. ಅತ್ತೆ, ಮೈದುನರ ಕೈಯಲ್ಲಿ ನೊಂದ ಎಷ್ಟೋ ಹೆಂಗಸರು ಆಕೆಯೆದುರು ಬಾಯಿಬಿಟ್ಟಿದ್ದರು. "ಬೇಕಾದ್ರೆ ಯಾವ ಹೆಸರು ಹಾಕಲಿ ಅಂತ ನೀವೇ ಹೇಳಿ," ಎಂದಳು. ಪರಗಂಡಸಿನ ಹೆಸರನ್ನು ನನ್ನ ಗಂಡನದೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಆಕೆ ಮತ್ತೆ ಕೂತು, ಟೇಪನ್ನು ಹಿಂದಕ್ಕೆ ಓಡಿಸಿ, ಆ ಒಡಪನ್ನು ನನಗೆ ಕೇಳಿಸಿದಳು. ಯಾರೋ ಹೆಂಗಸು ಅವರನ್ನು ಕರೆಯುತ್ತಿದ್ದಂತಿತ್ತು. ನಾನು ಸಾಕೆನ್ನಲಿಲ್ಲ. ಬಸ್ಸು ಹಾರನ್ ಹಾಕುವವರೆಗೂ ಆಕೆ ಕೇಳಿಸುತ್ತಲೇ ಇದ್ದಳು.

ಆಕೆಯ ಪುಸ್ತಕ ಬಂತೆಂದು ಮುಂದೆ ಯಾರೋ ಹೇಳಿದರು. ಯಾವ ಹೆಸರು ಹಾಕಿದಳೋ, ನಾನು ನೋಡಿಲ್ಲ. ಅದರಲ್ಲಿ ಯಾವನೋ ಒಬ್ಬ ನನ್ನ ತೊಡೆಯ ಮೇಲೆ ತಲೆಯಿಟ್ಟು ಜೀವ ಬಿಟ್ಟಿದ್ದಾನೆ.