ಅಸಲಿ ಅರದಾಳದ ಡಬ್ಬಿ

ತುಮಕೂರಿನ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷದಿಂದ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಪ್ರಾಕ್ಟಿಕಲ್ಸ್‌ನಲ್ಲಿ ಸುಳ್ಳು ರೀಡಿಂಗ್ ಬರೆದವರಿಗೆ ಅರ್ಧ ಮಾರ್ಕ್ಸೂ ಕೊಟ್ಟವಳಲ್ಲ. ಇಂಥವಳ ಗಂಡನಿಗೆ ಪೌರಾಣಿಕ ನಾಟಕದ ಹುಚ್ಚು. ಗುಬ್ಬಿಯ ಆಚೆಯ ಹಳ್ಳಿಯೊಂದರ ನಾಟಕದಲ್ಲಿ ದುರ್ಯೋಧನನ ಪಾತ್ರ ಸಿಕ್ಕಿದ ಮೇಲೆ ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ಕಾಫಿಯನ್ನೂ ತೊಡೆ ತಟ್ಟಿಯೇ ಕೇಳುತ್ತಿದ್ದರು.

ಅದನ್ನು ಸಹಿಸಿಕೊಂಡೆ. ಆದರೆ, "ಮೇಕಪ್‌ಗೆ ಕುಣಿಗಲ್ ಕಡೆಯೋರು ಬರ್ತಾರೆ ಕಣೇ, ಅಸಲಿ ಅರದಾಳ ಹಚ್ತಾರಂತೆ" ಅಂದಾಗ ಪಿತ್ತ ನೆತ್ತಿಗೇರಿತು. ಅರದಾಳವೆಂದರೆ ಆರ್ಸೆನಿಕ್ಕೂ ಗಂಧಕವೂ ಸೇರಿದ ಹಳದಿ ಕಲ್ಲು, ವಿಷ. ಹಿಂದಿನವರು ಹುಳು ಹತ್ತದಿರಲೆಂದು ಓಲೆಗರಿಗೆ ಹಚ್ಚುತ್ತಿದ್ದರು, ಸುಣ್ಣ ಸೇರಿಸಿ ಮೈಮೇಲಿನ ಕೂದಲು ಉದುರಿಸುತ್ತಿದ್ದರು. ಎಷ್ಟು ಹೇಳಿದರೂ ಅಂಥದ್ದನ್ನು ಕೆನ್ನೆಗೆ ಬಳಿದುಕೊಳ್ಳಲು ಇವರಿಗೆ ಸಂಭ್ರಮ!

ನಾಟಕದ ದಿನ ಮಧ್ಯಾಹ್ನವೇ ನಾನೂ ಹೊರಟೆ, ಆ ಅರದಾಳದ ಡಬ್ಬಿಯನ್ನು ಎಸೆಸಿಯೇ ಬರುವುದೆಂದು. ಆ ಊರಿನ ಶಾಲೆಯ ಕೊಠಡಿಯಲ್ಲಿ ಎಪ್ಪತ್ತು ದಾಟಿದ ಮೇಕಪ್ ಮೇಷ್ಟ್ರು ಕೊಬ್ಬರಿ ಎಣ್ಣೆಗೆ ಹಳದಿ ಪುಡಿ ಕಲಸುತ್ತಾ ಕೂತಿದ್ದರು. ಅದು ವಿಷ, ಡಬ್ಬಿ ಎಸೆಯಿರಿ ಅಂದೆ.

"ಈ ಡಬ್ಬಿ ಐತೆ ಅಂತ್ಲೇ ನನ್ನ ಕರೆಯೋದು ಕಣವ್ವ. ಟ್ಯೂಬ್ ಬಣ್ಣ ಬಳಿಯೋರು ಬೀದಿಗೊಬ್ರು ಅವ್ರೆ" ಅಂದರು.

"ಹಾಗಾದ್ರೆ ಅಸಲೀನಾ ಅಂತ ಮೊದ್ಲು ಟೆಸ್ಟ್ ಮಾಡ್ತೀನಿ" ಎಂದು ಹಳೆಯ ಚಮಚದಲ್ಲಿ ಒಂದು ಚಿಟಿಕೆ ಪುಡಿ ತೆಗೆದುಕೊಂಡು ಶಾಲೆಯ ಹಿಂದಿನ ಬಯಲಿಗೆ ನಡೆದೆ. ಮೇಷ್ಟ್ರು ಹಿಂದೆಯೇ ಬಂದರು. ಅರದಾಳ ಸುಟ್ಟರೆ ವಿಷದ ಹೊಗೆ ಏಳುತ್ತದೆ, ಬೆಳ್ಳುಳ್ಳಿಯ ನಾತ ಬರುತ್ತದೆ. ಹಾಗಾಗಿ ಅವರನ್ನು ದೂರ ನಿಲ್ಲಿಸಿ, ಮೂಗಿಗೆ ಸೆರಗು ಸುತ್ತಿ, ತೆಂಗಿನ ಗರಿಗೆ ಬೆಂಕಿ ಹಚ್ಚಿ ಚಮಚ ಹಿಡಿದೆ. ಹೊಗೆಯೂ ಇಲ್ಲ, ನಾತವೂ ಇಲ್ಲ. ಪುಡಿ ನಿಧಾನವಾಗಿ ಇಟ್ಟಿಗೆಯ ಕೆಂಪಿಗೆ ತಿರುಗಿತು.

"ಮೇಷ್ಟ್ರೇ, ಇದು ಬರೀ ಹಳದಿ ಮಣ್ಣು!"

ಅವರ ಮುಖ ಸಣ್ಣದಾಯಿತು. "ನಮ್ಮಪ್ಪನ ಕಾಲದ್ದು ಮುಗ್ದು ಎಷ್ಟೋ ವರ್ಸ ಆಯ್ತು. ವಿಸ ಅಂತ ನಂಗೂ ಗೊತ್ತು ಕಣವ್ವ, ಮತ್ತೆ ತರಕ್ಕೆ ಮನ್ಸು ಬರ್ನಿಲ್ಲ. ನಾಟಕದೋರಿಗೆ ಹೇಳ್ಬ್ಯಾಡ ಬುಡು, ನಾಳೆಯಿಂದ ನನ್ನ ಯಾರೂ ಕರೆಯಾಕಿಲ್ಲ."

ಮನೆಯಿಂದ ಹೊತ್ತು ತಂದಿದ್ದ ಸಿಟ್ಟೆಲ್ಲ ಇಳಿದುಹೋಗಿ, ಪಾಪ ಅನಿಸಿತು.

ಬಾಗಿಲಲ್ಲಿ ಐವರು ಪಾಂಡವರೂ ಬನಿಯನ್ನಿನಲ್ಲಿ ಕಾದಿದ್ದರು. ಅವರ ಹಿಂದೆ ನನ್ನ ದುರ್ಯೋಧನ. "ಏನ್ ಮೇಡಂ, ಅಸಲೀನಾ?" ಎಂದು ಭೀಮ ಕೇಳಿದ.

"ಅಸಲಿ. ಬಾಯಿಗೆ ತಾಕಿಸ್ಕೋಬೇಡಿ" ಅಂದೆ. ಇಪ್ಪತ್ತು ವರ್ಷದಲ್ಲಿ ನಾನು ಕೊಟ್ಟ ಮೊದಲ ಸುಳ್ಳು ರಿಸಲ್ಟ್ ಅದು.

ಪಾಂಡವರು ಹೆಮ್ಮೆಯಿಂದ ಸಾಲಾಗಿ ಕೂತು ಕೆನ್ನೆ ಒಡ್ಡಿದರು. ಮೇಷ್ಟ್ರು ನನ್ನ ಕಡೆ ನೋಡದೆ ಬಣ್ಣ ಕಲಸತೊಡಗಿದರು. ನನ್ನ ಗಂಡ ಮಾತ್ರ ನಿಂತಲ್ಲೇ ನಿಂತಿದ್ದರು.

"ವಿಷ ಅಂತ ಗೊತ್ತಾದ್ಮೇಲೂ ನಂಗೆ ಹಚ್ಚಿಸ್ತೀಯಲ್ಲೇ!"

ಈಗಲೂ ಮನೆಯಲ್ಲಿ ಜಗಳವಾದರೆ ಅವರು ಮೊದಲು ಎತ್ತುವುದು ಆ ಡಬ್ಬಿಯ ಮಾತನ್ನೇ. ನಾನು ತುಟಿ ಬಿಚ್ಚದೆ ಬೈಸಿಕೊಳ್ಳುತ್ತೇನೆ. ಮೇಷ್ಟ್ರನ್ನು ಈ ವರ್ಷವೂ ಕರೆದಿದ್ದಾರೆ.