‘ಬಂದೈತಿ’ ಅಂದರೆ ಏನು ಬಂತು?

ಬೈಕು ತೇಲಿ ಹೋಗಬಹುದಿತ್ತು. ಅದನ್ನು ಬಿಡಲಾರದೆ ನಾನೂ ಅದರ ಬೆನ್ನು ಹತ್ತಬಹುದಿತ್ತು. ನೀರಿನಲ್ಲಿ ಬಂದ ಜಾಲಿಮುಳ್ಳು ಕಾಲಿಗೆ ತೊಡರಬಹುದಿತ್ತು, ಅದರ ಜೊತೆ ಬಂದ ಹಾವು ನನ್ನ ಪ್ಯಾಂಟಿನೊಳಗೆ ಬಿಡಾರ ಹೂಡಬಹುದಿತ್ತು. ಮೊಬೈಲು ನೀರು ಕುಡಿದು ಮತ್ತೆ ಏಳದೆ, ನಾನೆಲ್ಲಿದ್ದೇನೆ ಎಂದು ತಿಳಿಯದ ಹೆಂಡತಿ ಮೊದಲು ಗಾಬರಿಯಾಗಿ ಆಮೇಲೆ ಸಿಟ್ಟಾಗಬಹುದಿತ್ತು. ಮರುದಿನ ಪೇಪರಿನ ಮೂಲೆಯಲ್ಲಿ ನನ್ನ ಹಳೆಯ ಫೋಟೊ ಬಂದು, ಓದಿದವರು ‘ಇವಗ ನೀರು ಕಾಣಲಿಲ್ಲೇನು’ ಎಂದು ಚಹಾ ಹೀರಬಹುದಿತ್ತು. ಎಲ್ಲಕ್ಕಿಂತ ದೊಡ್ಡದು, ದುರಗವ್ವನ ಎಮ್ಮೆ ಹೊಟ್ಟೆಯ ಕರುವಿನ ಸಮೇತ ಸಾಯಬಹುದಿತ್ತು.

ಇವತ್ತು ಮುಂಜಾನೆ ಊರಾಚೆ ಬೈಕು ನಿಲ್ಲಿಸಿ ಹೆಲ್ಮೆಟ್ ತೆಗೆಯುತ್ತಿದ್ದೆ. ಕಾದ ಸೈಲೆನ್ಸರಿನ ಮೇಲೆ ನಾಲ್ಕು ಹನಿ ಬಿದ್ದು ಚುರ್ ಅಂದವು. ಬಿಸಿ ಕಬ್ಬಿಣ, ಹಸಿ ಮಣ್ಣು, ಬೇವಿನ ಹೂವು ಮೂರೂ ಕಲೆತ, ಹಿಂದೊಮ್ಮೆ ಹಳ್ಳದ ನಡುವೆ ಬಂದಿದ್ದ ಅದೇ ವಾಸನೆ ಮೂಗಿಗೆ ಬಡಿದದ್ದೇ ತಡ, ಮೇಲಿನ ಪಟ್ಟಿ ತಾನಾಗಿಯೇ ಬಿಚ್ಚಿಕೊಂಡಿತು. ಪಟ್ಟಿ ಮಾಡುವುದು ನನ್ನ ಹಳೆಯ ಚಟ. ಬೇರೆಯವರು ಅಡಿಕೆ ಹಾಕಿಕೊಂಡಂತೆ ನಾನು ಚಿಂತೆ ಹಾಕಿಕೊಳ್ಳುತ್ತೇನೆ. ಊಟವಾದ ಮೇಲಂತೂ ಬೇಕೇಬೇಕು.

ಪಶು ಆಸ್ಪತ್ರೆಯಲ್ಲಿ ನನ್ನದು ಡಾಕ್ಟರ ಕೈಕೆಳಗಿನ ನೌಕರಿ. ಕುಷ್ಟಗಿಯಿಂದ ಯಲಬುರ್ಗಾ ಕಡೆಗಿನ ಹಳ್ಳಿಗಳನ್ನು ಬೈಕಿನ ಮೇಲೆ ಸುತ್ತುವುದು, ಬೆದೆಗೆ ಬಂದ ಆಕಳು ಎಮ್ಮೆಗಳಿಗೆ ಹೋರಿ ಕೋಣಗಳ ಬದಲು ಇಂಜೆಕ್ಷನ್ ಮಾಡುವುದು. ಅದರ ಸರಂಜಾಮೆಲ್ಲ ನೈಟ್ರೋಜನ್ ತುಂಬಿದ ಒಂದು ಡಬ್ಬಿಯಲ್ಲಿರುತ್ತದೆ. ಮುಚ್ಚಳ ತೆಗೆದರೆ ಬುಸ್ಸೆಂದು ತಣ್ಣನೆಯ ಹೊಗೆ. ಹಿಂದಿನ ಸೀಟು ಕಾಯಂ ಆಗಿ ಅದರದೇ. ನೀವು ನನ್ನ ಜೊತೆ ಬರುವುದಾದರೆ ಡಬ್ಬಿಯನ್ನು ತಬ್ಬಿಕೊಂಡು ಕೂರಬೇಕಾಗುತ್ತದೆ, ಮೊದಲೇ ಹೇಳಿರುತ್ತೇನೆ.

ಈ ನೌಕರಿಯಲ್ಲಿ ‘ಬಂದೈತಿ’ ಎಂಬ ಮಾತಿಗೆ ಒಂದೇ ಅರ್ಥ. ಫೋನಿನಲ್ಲಿ ‘ಬಂದೈತ್ರಿ ಸಾಹೇಬ್ರ’ ಅಂದರೆ ಎಮ್ಮೆ ಬೆದೆಗೆ ಬಂದಿದೆ ಎಂದು. ಬೆದೆ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದರಲ್ಲೂ ಹೆಣ್ಣುಮಕ್ಕಳು. ಏನು ಬಂತು ಎಂದು ಕೇಳುವ ಅಧಿಕಪ್ರಸಂಗ ನಾನೂ ಮಾಡುವುದಿಲ್ಲ. ಡಬ್ಬಿ ಕಟ್ಟಿ ಹೊರಡುತ್ತೇನೆ.

ಆದರೆ ನಮ್ಮ ಕಡೆ ಹಳ್ಳವೂ ಬರುತ್ತದೆ. ಪ್ರವಾಹ ಅನ್ನುವುದು ಪೇಪರಿನ ಮಾತು. ಅದು ಗಂಗಾವತಿ ಕಡೆಯವರಿಗೆ, ಹೊಳೆ ದಂಡೆಯವರಿಗೆ ಸರಿ. ಹನುಮನಹಳ್ಳಿಯ ಹತ್ತಿರ ಹೊಳೆ ತುಂಬಿದರೆ ಫೋಟೊ ಹೊಡೆಯಲು ಜನ ಕಾರು ಮಾಡಿಕೊಂಡು ಬರುತ್ತಾರೆ. ನಮ್ಮದು ಬರೀ ಹಳ್ಳ. ವರ್ಷದ ಬಹುಪಾಲು ಅದು ಉಸುಕಿನ ದಾರಿ, ಕುರಿಗಳಿಗೂ ಕ್ರಿಕೆಟ್ಟಿಗೂ ಮೀಸಲು. ಯುಗಾದಿ ಕಳೆದು ಮಾವಿನಕಾಯಿ ದಪ್ಪವಾಗುವ ಹೊತ್ತಿಗೆ ಒಂದು ದಿನ ಎಲ್ಲೋ ಮೇಲೆ, ಯಲಬುರ್ಗಾ ಕಡೆ, ಆಲಿಕಲ್ಲಿನ ಮಳೆ ಕವುಚಿ ಬೀಳುತ್ತದೆ. ಇಲ್ಲಿ ಬಿಸಿಲು ಬಿಸಿಲೇ. ಒಂದು ಹನಿ ಇಲ್ಲ. ಆಗ ಹೇಳದೆ ಕೇಳದೆ ಬರುವ ಬೀಗರ ಹಾಗೆ ಹಳ್ಳ ಬರುತ್ತದೆ, ಎರೆಹೊಲದ ಕರಿ ಮಣ್ಣನ್ನೆಲ್ಲ ಬುತ್ತಿ ಕಟ್ಟಿಕೊಂಡು.

ಮೂರು ವರ್ಷದ ಹಿಂದಿನ ಅಂಥ ಒಂದು ಮಧ್ಯಾಹ್ನ ದುರಗವ್ವನ ಫೋನು ಬಂತು. ಹಳ್ಳದಾಚೆಯ ಊರಿನವಳು. ಗಂಡ ಗಂಗಾವತಿ ಕಡೆ ಭತ್ತದ ಕೊಯ್ಲಿಗೆ ಹೋಗಿದ್ದ. ಮನೆಯಲ್ಲಿ ಅವಳು, ಮುದಿ ಅತ್ತೆ, ಹಣೆಯ ಮೇಲೆ ಬಿಳಿ ಚುಕ್ಕೆ ಇದ್ದ ಚಂದ್ರಿ ಎಂಬ ಎಮ್ಮೆ. ಫೋನು ಕಡಿದು ಕಡಿದು ಕೇಳುತ್ತಿತ್ತು.

“ಸಾಹೇಬ್ರ... ಎಮ್ಮಿ... ಬಂದೈತ್ರೀ... ಲಗೂ ಬರ್ರಿ...”

ಚಂದ್ರಿ ಗಬ್ಬ ಆಗಿ ತಿಂಗಳುಗಳಾಗಿದ್ದನ್ನು ನನ್ನ ಕೈಯಿಂದಲೇ ಪರೀಕ್ಷೆ ಮಾಡಿದ್ದೆ. ಆ ಕ್ಷಣಕ್ಕೆ ಅದು ನೆನಪಾಗಲಿಲ್ಲ. ಕಿವಿಗೆ ಬಿದ್ದದ್ದು ‘ಬಂದೈತಿ’ ಒಂದೇ. ಡಬ್ಬಿ ಕಟ್ಟಿದೆ, ಹೊರಟೆ.

ಹಳ್ಳದ ಹತ್ತಿರ ಹೋದರೆ ನೆಲಮಟ್ಟದ ಸೇತುವೆಯ ಮೇಲೆ ಕಾಫಿ ಬಣ್ಣದ ನೀರು, ತೆಳ್ಳಗೆ, ಯಾರೋ ಅಂಗಳಕ್ಕೆ ನೀರು ಹೊಡೆದಂತೆ. ಬೈಕಿನ ಗಾಲಿಯ ಅಂಚು ಮುಳುಗುವಷ್ಟು. ಇಂಥಲ್ಲಿ ನಿಂತು ಎರಡು ಸಲ ಯೋಚಿಸುವವನು ನಾನು. ಅವತ್ತೇಕೋ ಒಂದೇ ಸಲ ಯೋಚಿಸಿದೆ. ನಡುವಿಗೆ ಹೋಗುವಷ್ಟರಲ್ಲಿ ಮೇಲಿಂದ ಹೊಸ ನೀರು ನೂಕಿತು. ಬೈಕು ಎರಡು ಸಲ ಕೆಮ್ಮಿ ಸುಮ್ಮನಾಯಿತು. ನೀರು ಮೊಣಕಾಲಿಗೆ ಬಂತು. ಆಚೆ ದಂಡೆಯಲ್ಲಿ ದುರಗವ್ವನ ಭಾವ ಯಂಕಪ್ಪ ನಾಲ್ಕು ಮಂದಿ ಕೂಡಿಸಿಕೊಂಡು ನಿಂತಿದ್ದ.

“ಸಾಹೇಬ್ರ, ಗಾಡಿ ಬಿಟ್ಟು ಬರ್ರಿ!” ಎಂದು ಕೂಗಿದ.

ನಾನು ಬಿಡಲಿಲ್ಲ. ಹ್ಯಾಂಡಲ್ಲಿಗೆ ಅಂಟಿಕೊಂಡಿದ್ದೆ.

“ಗಾಡಿ ಸರಕಾರದ್ದೇನ್ರಿ?”

“ನಂದಪಾ, ನಂದ!”

“ಹಂಗಾದ್ರ ಗಟ್ಟಿ ಹಿಡಕೋರಿ!”

ಈಗ ನಗು ಬರುತ್ತದೆ. ಆಗ ಬಂದದ್ದು ಬೇರೆ. ಅವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಒಬ್ಬರ ಕೈ ಒಬ್ಬರು ಹಿಡಿದು ಬಂದರು. ಎರಡೂ ಗಾಲಿಗಳ ಕಡ್ಡಿಗಳ ನಡುವೆ ಒಂದೊಂದು ಬಿದಿರಿನ ಬೊಂಬು ತೂರಿಸಿ, ನನ್ನ ಬೈಕನ್ನು ಪಲ್ಲಕ್ಕಿಯಂತೆ ಹೆಗಲಿಗೇರಿಸಿದರು. ಅದರ ಹಿಂದೆ ನಾನು, ಡಬ್ಬಿಯನ್ನು ಕೂಸಿನಂತೆ ಎದೆಗವಚಿಕೊಂಡು, ಯಂಕಪ್ಪನ ಸೊಂಟದ ಹಗ್ಗ ಹಿಡಿದು. “ನೀರು ನೋಡಬ್ಯಾಡ್ರಿ, ನನ್ನ ಬೆನ್ನು ನೋಡ್ರಿ” ಎಂದ ಅವನು. ಅಷ್ಟು ಭಕ್ತಿಯಿಂದ ನಾನು ಯಾವ ದೇವರನ್ನೂ ನೋಡಿದವನಲ್ಲ.

ದುರಗವ್ವನ ಹಿತ್ತಲಿಗೆ ಬಂದವನೇ, ಒದ್ದೆ ಪ್ಯಾಂಟಿನಲ್ಲೇ ಠೀವಿ ತಂದುಕೊಂಡು, “ಎಮ್ಮಿ ಕಟ್ಟವಾ, ಸೂಜಿ ಮಾಡತೀನಿ” ಅಂದೆ.

“ಯಾವ ಎಮ್ಮಿಗ್ರಿ?”

“ಚಂದ್ರಿಗೆ. ಬಂದೈತಿ ಅಂದೆಲ್ಲ?”

ದುರಗವ್ವ ಹಣೆ ಬಡಿದುಕೊಂಡಳು. “ಬ್ಯಾನಿ ಬಂದೈತಿ ಅಂದ್ನಿರೀ! ಹಳ್ಳಾನೂ ಬಂದೈತಿ, ಡಾಂಬರು ರಸ್ತೆ ಹಿಡದು ಸುತ್ತಿ ಬರ್ರಿ ಅಂದ್ನಿ. ಕರ ಹಾಕಾಕ ನಿಂತ ಎಮ್ಮಿಗೆ ಮತ್ತ ಗಬ್ಬ ಕಟ್ಟಸ್ತೀರೇನು? ಅದರ ಮಾರಿನರೆ ನೋಡ್ರಿ!”

ಚಂದ್ರಿ ಮಗ್ಗುಲಾಗಿ ಬಿದ್ದು ಕಣ್ಣು ತೇಲಿಸುತ್ತಿತ್ತು. ಕರುವಿನ ಒಂದು ಗೊರಸು, ಮೂಗಿನ ತುದಿ ಹೊರಗೆ ಕಾಣುತ್ತಿದ್ದವು. ಇನ್ನೊಂದು ಕಾಲು ಒಳಗೇ ಮಡಚಿಕೊಂಡಿತ್ತು. ಹೋದ ಸಲದ ಕರುವೂ ಹೀಗೆಯೇ ಸಿಕ್ಕಿಕೊಂಡು ಒಳಗೇ ಸತ್ತಿತ್ತು. ಆಗ ದುರಗವ್ವ ಎರಡು ದಿನ ಉಂಡಿರಲಿಲ್ಲ ಎಂದು ಅವಳ ಅತ್ತೆ ಈಗ ನನ್ನ ಕಿವಿಯಲ್ಲೇ ಹೇಳಬೇಕೆ? ನನ್ನ ಕೈಗವಸು ಹಳ್ಳದ ಪಾಲಾಗಿತ್ತು, ಕರು ಎಳೆಯುವ ಹಗ್ಗವಂತೂ ತಂದೇ ಇರಲಿಲ್ಲ. ಇದ್ದದ್ದು ಹೊಗೆಯಾಡುವ ಡಬ್ಬಿ. ಡಾಕ್ಟರಿಗೆ ಫೋನು ಹಚ್ಚೋಣವೆಂದರೆ ಮೊಬೈಲು ಹಳ್ಳದ ನೀರು ಕುಡಿದು ಮಲಗಿತ್ತು.

“ನನ್ನ ಕಡೆ ಹಗ್ಗ ಇಲ್ಲವಾ” ಅಂದೆ. ದುರಗವ್ವ ಒಳಗೆ ಹೋದಳು. ಪರ್ ಎಂದು ಅರಿವೆ ಹರಿದ ಸದ್ದು. ಹಳೆಯ ಇಲಕಲ್ಲ ಸೀರೆಯ ಕೆಂಪು ದಡಿ ತಂದು ಬಿಸಿನೀರಿಗೆ ಹಾಕಿದಳು.

“ಸೀರಿ ಹರಿದ್ಯಲ್ಲವಾ!”

“ಸೀರಿ ಮತ್ತ ತರಬಹುದು. ನೀವು ಕೈ ತೊಳಕೋರಿ.”

ಸಾಬೂನು ಹಚ್ಚಿ ತೊಳೆದೆ. ಅತ್ತೆ ಮೊಣಕೈವರೆಗೂ ಕುಸುಬಿ ಎಣ್ಣೆ ಸುರಿದಳು. ಕರುವಿನ ತಲೆಯನ್ನು ಮೆಲ್ಲಗೆ ಹಿಂದಕ್ಕೆ ನೂಕಿ, ಮಡಚಿದ ಕಾಲನ್ನು ಹುಡುಕಿ, ಗೊರಸು ಒಳಗೆ ಗೀರದ ಹಾಗೆ ಅಂಗೈಯಲ್ಲಿ ಮುಚ್ಚಿ ಮುಂದಕ್ಕೆ ತರಬೇಕು. ಡಾಕ್ಟರು ಮಾಡುವಾಗ ಎಷ್ಟೋ ಸಲ ಪಕ್ಕದಲ್ಲಿ ನಿಂತಿದ್ದೇನೆ, ಬಕೀಟು ಹಿಡಿದು. ದುರಗವ್ವ ಎಮ್ಮೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ಆತು ನನ್ನವ್ವ, ಆತು, ಇನ್ನೊಂದೀಟು” ಎನ್ನುತ್ತಿದ್ದಳು. ಎಮ್ಮೆಗೋ ನನಗೋ ತಿಳಿಯಲಿಲ್ಲ. ಇಬ್ಬರಿಗೂ ನಾಟಿತು. ಬೆರಳಿಗೆ ಗೊರಸು ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು. ಎರಡೂ ಕಾಲು ಹೊರಬಂದ ಮೇಲೆ ದಡಿ ಕಟ್ಟಿದೆ. ಚಂದ್ರಿ ತಿಣುಕಿದಾಗ ಯಂಕಪ್ಪ ಎಳೆದ, ಬಿಟ್ಟಾಗ ಬಿಟ್ಟ. ಕರು ಜಾರಿ ನನ್ನ ತೊಡೆಯ ಮೇಲೇ ಬಿತ್ತು. ಅಲುಗಲಿಲ್ಲ. ಬಾಯಿಯ ಲೋಳೆ ತೆಗೆದು, ಹುಲ್ಲಿನಿಂದ ಎದೆ ತಿಕ್ಕಿದೆ, ತಿಕ್ಕಿದೆ.

ಕರು ಸೀನಿತು. ನನ್ನ ಮುಖಕ್ಕೇ.

“ಹೆಣ್ಣು ಕರ!” ಅಂದಳು ಅತ್ತೆ. ದುರಗವ್ವ ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆಮೇಲೆ ಅತ್ತೆ ಎಮ್ಮೆಗೂ ಕರುವಿಗೂ ಕುಂಕುಮ ಹಚ್ಚಿ, ಡಬ್ಬಿಗೂ ಹಚ್ಚಿದಳು. ಅವತ್ತು ಏನೂ ಕೆಲಸ ಮಾಡದೆ ಮರ್ಯಾದೆ ಮಾಡಿಸಿಕೊಂಡದ್ದು ಅದೊಂದೇ. ಮರುದಿನ ಹಳ್ಳ ಇಳಿದ ಮೇಲೆ ಗಿಣ್ಣ ತಿನ್ನಿಸಿಯೇ ನನ್ನನ್ನು ಕಳಿಸಿದರು.

ಒಂದು ಮಾತು ನಿಮಗೆ ಹೇಳಬೇಕು. ಆ ಫೋನು ನೆಟ್ಟಗೆ ಕೇಳಿದ್ದರೆ, ಹಳ್ಳ ಬಂದದ್ದು ತಿಳಿದು ನಾನು ಡಾಂಬರು ರಸ್ತೆ ಸುತ್ತಿ ಹೋಗಿ ಹೊತ್ತು ಮೀರಿಸುತ್ತಿದ್ದೆ. ಇಲ್ಲವೇ ಪಟ್ಟಿ ಮಾಡುತ್ತ ಈಚೆಯೇ ಕೂರುತ್ತಿದ್ದೆ. ಎರಡರಲ್ಲೂ ಕರು ಉಳಿಯುತ್ತಿರಲಿಲ್ಲ. ಆ ಕೆಟ್ಟ ಸಿಗ್ನಲ್ಲಿಗೆ, ಯಂಕಪ್ಪನ ಬೆನ್ನಿಗೆ, ಒಂದು ಕೆಂಪು ದಡಿಗೆ ಹೇಗೆ ಕೈ ಮುಗಿಯಬೇಕೋ ನನಗೆ ತಿಳಿಯದು. ಮೊಬೈಲು ಕೂಡ ಅಕ್ಕಿ ಡಬ್ಬದಲ್ಲಿ ಒಂದು ದಿನ ಮಲಗಿ ಎದ್ದು, ಹೆಂಡತಿಯ ಬೈಗುಳವನ್ನೆಲ್ಲ ಸ್ಪಷ್ಟವಾಗಿ ಕೇಳಿಸಿತು.

ಕೆಟ್ಟದ್ದು ಹಾರ್ನು ಮಾತ್ರ. ಹಳ್ಳದ ನೀರು ಹಾರ್ನಿನ ಯಾವ ವೈರ್‌ಗೆ ಏನು ಹೇಳಿತೋ, ಅವತ್ತಿನಿಂದ ಹ್ಯಾಂಡಲ್ ಎಡಕ್ಕೆ ಹೊರಳಿಸಿದರೆ ಸಾಕು, ಅದು ತಾನೇ ಕೂಗುತ್ತದೆ. ಹತ್ತು ನಿಮಿಷದ ಕೆಲಸ ಎನ್ನುತ್ತಾನೆ ಮೆಕ್ಯಾನಿಕ್. ಇರಲಿ ಬಿಡಪ್ಪ ಎಂದು ಬರುತ್ತೇನೆ. ಚಿಂತೆ ಮಾಡಬಹುದಾಗಿದ್ದ ಒಂದು ವಿಷಯವನ್ನು ನಾನು ಬೇಕೆಂದೇ ಬಿಟ್ಟದ್ದು ಇದೇ ಮೊದಲು. ಹನಿ ನಿಂತ ಮೇಲೆ ಇವತ್ತೂ ಆ ಊರಿಗೇ ಹೋದೆ. ದುರಗವ್ವನ ಓಣಿ ಇರುವುದು ಎಡಕ್ಕೆ. ಹೊರಳಿದೆ, ಬೈಕು ಪೇಂ ಎಂದು ಊರೆಲ್ಲ ಕೇಳುವಂತೆ ಒದರಿತು. ಹಿತ್ತಲಿನಿಂದ ದುರಗವ್ವನ ದನಿ ಬಂತು: “ಕೇಳ್ಸೇತ್ರೀ ಸಾಹೇಬ್ರ, ಎಷ್ಟ್ ಹೊಡೀತೀರಿ! ಚಾ ಒಲಿ ಮ್ಯಾಲ ಐತಿ, ಒಳಗ ಬರ್ರಿ!”